ಮಗನ ಕೈಯ ಫೋನೂ ಏಷ್ಯನ್ ಕ್ರೀಡಾಕೂಟವೂ

ರಾತ್ರಿ ಎರಡು ಗಂಟೆ ಇರಬಹುದು. ನೀರು ಕುಡಿಯೋಣವೆಂದು ಎದ್ದವಳಿಗೆ ಹಾಲಿನ ಮೂಲೆಯಲ್ಲಿ ಮಲಗಿದ್ದ ಮಗನ ಹೊದಿಕೆಯೊಳಗಿಂದ ನೀಲಿ ಬೆಳಕು ಕಾಣಿಸಿತು. ಹೊದಿಕೆ ಎತ್ತಿ ನೋಡುತ್ತೇನೆ, ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದಾನೆ, ಎರಡೂ ಹೆಬ್ಬೆರಳು ಫೋನಿನ ಮೇಲೆ ಕುಣಿಯುತ್ತಿವೆ! ನನಗೆ ಎಲ್ಲಿತ್ತೋ ಸಿಟ್ಟು, ಫೋನು ಕಿತ್ತುಕೊಂಡೆ. ಅವನ ಬೆನ್ನಿಗೆ ಎರಡು ಬಿಟ್ಟೆ. ಫೋನನ್ನು ಅಕ್ಕಿ ಡಬ್ಬದ ತಳಕ್ಕೆ ಹೂತಿಟ್ಟು ಮೇಲೆ ಮುಚ್ಚಳ ಹಾಕಿದೆ.

"ಅಮ್ಮಾ, ನಾನೇನು ಜೂಜಾಡ್ತಾ ಇರ್ಲಿಲ್ಲ. ಇದೇ ಆಟಾನ ಆಡೋಕೆ ನಮ್ಮ ದೇಶದವರು ಚೀನಾಕ್ಕೆ ಹೋಗ್ತಿದ್ದಾರೆ, ಗೊತ್ತಾ?" ಅಂದ ಅಳುತ್ತಾ.

"ಹೌದಪ್ಪಾ, ಪ್ರಧಾನಮಂತ್ರಿಗಳೇ ಬಂದು ವಿಮಾನ ಹತ್ತಿಸ್ತಾರೆ, ಮಲಗು" ಅಂದೆ ನಾನು.

ಓದುಗ ಸಹೋದರಿಯರೇ, ಇದು 2023ರ ಆಗಸ್ಟ್ ತಿಂಗಳ ಮಾತು. ಅವನು ಆಗ ಮೊದಲ ಪಿ.ಯು.ಸಿ. ಕಿರುಪರೀಕ್ಷೆಯಲ್ಲಿ ಎರಡು ವಿಷಯದಲ್ಲಿ ನಪಾಸಾಗಿದ್ದ. ಮಗ ಸುಳ್ಳು ಹೇಳುತ್ತಿದ್ದಾನೆ ಎಂದೇ ನಾನು ತಿಳಿದಿದ್ದೆ. ಅವನು ಹೇಳಿದ್ದು ನಿಜವಾಗಿತ್ತು ಎನ್ನುವುದು ನನಗೆ ತಿಳಿದ ಬಗೆಯನ್ನೂ, ತಿಳಿದ ಮೇಲೆ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನೂ ನಿಮ್ಮ ಮುಂದೆ ಹೇಳಿಕೊಳ್ಳೋಣ ಅಂತ ಇದನ್ನು ಬರೆಯಲು ಕೂತೆ.

ನನ್ನ ಸಿಟ್ಟಿಗೂ ಕಾರಣವಿತ್ತು

ನಮ್ಮದು ಹೆಗ್ಗನಹಳ್ಳಿ. ಮಾಗಡಿ ರಸ್ತೆಯ ಸುಂಕದಕಟ್ಟೆಯಿಂದ ಒಳಕ್ಕೆ ಬಂದರೆ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋಗುವ ದಾರಿ. ಬೆಂಗಳೂರು ಅಂತ ಹೆಸರಿಗೆ, ನಮ್ಮ ಬೀದಿ ನಿಮ್ಮೂರಿನ ಬೀದಿಯ ಹಾಗೇ ಇದೆ. ಬೆಳಗಾದರೆ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರಿಗೆ ಸೀನು. ನಮ್ಮವರು ಪೀಣ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾರೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮನೆವಾರ್ತೆಯ ನಡುವೆ ಒಂದಿಷ್ಟು ಹೊಲಿಗೆ.

ನನ್ನ ಒಡಹುಟ್ಟಿದ ತಮ್ಮ ಫೋನಿನಲ್ಲಿ ಇಸ್ಪೀಟು ಆಡುವುದನ್ನು ಕಲಿತಿದ್ದ. ಮೊದಲು ನೂರು ರೂಪಾಯಿ ಗೆದ್ದನಂತೆ, ಆಮೇಲೆ ಐನೂರು. ಆಮೇಲೆ ಸೋಲುತ್ತಾ ಹೋದ. ಸೋತದ್ದನ್ನು ಗೆಲ್ಲಲು ಸಾಲ ಮಾಡಿದ. ನಮಗೆ ವಿಷಯ ಗೊತ್ತಾಗುವಾಗ ಎರಡು ಲಕ್ಷದ ಮೇಲೆ ಹೋಗಿತ್ತು. ನಾದಿನಿಯ ಮಾಂಗಲ್ಯ ಸರ ಗಿರವಿ ಅಂಗಡಿ ಸೇರಿತ್ತು. ಅವಳು ಅರಿಶಿನದ ದಾರಕ್ಕೆ ತಾಳಿ ಪೋಣಿಸಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದು ನಿಂತದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಫೋನಿನಲ್ಲಿ ಆಟ ಅಂದರೆ ನನಗೆ ಮೈಯೆಲ್ಲ ಬೆಂಕಿ. ಸೋದರಮಾವನ ಚಾಳಿ ಮಗನಿಗೂ ಹತ್ತಿತು ಎಂದೇ ನಾನು ಹೊಡೆದೆ.

ಎರಡು ದಿನ ಹುಡುಗ ಸರಿಯಾಗಿ ಊಟ ಮಾಡಲಿಲ್ಲ. ನಮ್ಮವರು, "ಓದೋದು ಬೇಡ ಅಂದ್ರೆ ನನ್ನ ಜೊತೆ ವರ್ಕ್‌ಶಾಪಿಗೆ ಬರ್ಲಿ, ಕೈಗೆ ಗ್ರೀಸ್ ಹತ್ತಿದ್ರೆ ಆಟ ತಾನಾಗೇ ಮರೆಯುತ್ತೆ" ಅಂದರು. ಮಗ, "ಬರ್ತೀನಿ" ಅಂದುಬಿಟ್ಟ! ಆಗ ನನ್ನ ಎದೆ ಧಸಕ್ ಎಂದಿತು. ಕೆಲಸ ಕೀಳು ಅಂತಲ್ಲ. ಓದಬಲ್ಲ ಹುಡುಗ ಹಟಕ್ಕೆ ಬಿದ್ದು ಓದು ಬಿಡುತ್ತಾನಲ್ಲಾ ಅಂತ.

ಮೂರನೇ ದಿನ ಸಂಜೆ ಕಾಫಿ ಕೊಟ್ಟು, "ಸರಿ, ಅದೇನು ಆಟ, ನನಗೂ ಹೇಳು" ಅಂತ ಪಕ್ಕದಲ್ಲಿ ಕೂತೆ.

ಇದು ಎಂಥ ಆಟ?

ಫೋನಿನಲ್ಲಿ ಇಲ್ಲವೇ ಕಂಪ್ಯೂಟರಿನಲ್ಲಿ ನಿಯಮಕ್ಕೆ ತಕ್ಕಂತೆ, ಎದುರಾಳಿಯ ಜೊತೆ, ತೀರ್ಪುಗಾರರ ಮುಂದೆ ಆಡುವ ಪಂದ್ಯಗಳಿಗೆ ಇ-ಸ್ಪೋರ್ಟ್ಸ್ ಅಂತ ಹೆಸರು. 'ಲೀಗ್ ಆಫ್ ಲೆಜೆಂಡ್ಸ್' ಅನ್ನುವುದು ಅದರಲ್ಲಿ ತುಂಬಾ ಹೆಸರಾದ ಕಂಪ್ಯೂಟರ್ ಆಟ. ನನ್ನ ಮಗ ಆಡುತ್ತಿದ್ದುದು ಅದೇ ಜಾತಿಯ ಫೋನ್ ಆಟ. ಒಂದು ಕಡೆ ಐವರು, ಇನ್ನೊಂದು ಕಡೆ ಐವರು. ನಡುವೆ ಮೂರು ದಾರಿ, ದಾರಿಗಳ ಮಧ್ಯೆ ಕಾಡು. ಕಾವಲು ಗೋಪುರಗಳನ್ನು ಒಂದೊಂದಾಗಿ ಕೆಡವುತ್ತಾ ಹೋಗಿ ಎದುರಾಳಿಯ ಕೋಟೆಯ ಹೃದಯವನ್ನು ಒಡೆದವರು ಗೆದ್ದರು.

ನನಗೆ ಇದು ಅರ್ಥವಾದದ್ದು ಮದುವೆ ಮನೆಯ ಅಡಿಗೆಯ ಲೆಕ್ಕದಲ್ಲಿ! ಐದು ಜನ ಓರಗಿತ್ತಿಯರು ಸೇರಿ ಐನೂರು ಎಲೆಗೆ ಅಡಿಗೆ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಒಬ್ಬಳು ಅನ್ನದ ಹಂಡೆಯ ಹತ್ತಿರ, ಒಬ್ಬಳು ಹುಳಿಯ ಹತ್ತಿರ, ಒಬ್ಬಳು ಬಾಣಲೆಯ ಮುಂದೆ. ನಾಲ್ಕನೆಯವಳು ಎಲ್ಲಿ ಕೈ ಕಡಿಮೆಯೋ ಅಲ್ಲಿಗೆ ಓಡುವವಳು. ಐದನೆಯವಳು ಬಾಣಲೆಯವಳಿಗೆ ಹಿಟ್ಟು ನಾದಿಕೊಡುವವಳು, ಅವಳ ಹೆಸರು ಯಾರೂ ಹೇಳುವುದಿಲ್ಲ, ಅವಳಿಲ್ಲದಿದ್ದರೆ ಪೂರಿಯೂ ಇಲ್ಲ. ಆ ಆಟದಲ್ಲಿಯೂ ಹೀಗೇ ಐವರಿಗೂ ಐದು ಕೆಲಸ. ಒಬ್ಬ ತನ್ನ ಹೆಸರಿಗೆಂದು ಮುಂದೆ ನುಗ್ಗಿದರೆ ಐವರೂ ಸೋತರು.

"ಇಷ್ಟೆಲ್ಲಾ ಇದೆಯೇನೋ ಇದರಲ್ಲಿ?" ಅಂದೆ. ಹುಡುಗ ಎರಡು ದಿನಗಳಲ್ಲಿ ಮೊದಲ ಸಲ ನಕ್ಕ.

ಚೀನಾಕ್ಕೆ ಹೋದ ನಮ್ಮವರು

ಏಷ್ಯನ್ ಕ್ರೀಡಾಕೂಟ ನಿಮಗೆ ಗೊತ್ತೇ ಇದೆ. ನಾಲ್ಕು ವರ್ಷಕ್ಕೊಮ್ಮೆ ಏಷ್ಯಾ ಖಂಡದ ದೇಶಗಳೆಲ್ಲ ಸೇರುವ ದೊಡ್ಡ ಕೂಟ. 2018ರಲ್ಲಿ ಇಂಡೋನೇಷ್ಯಾದ ಜಕಾರ್ತ ಮತ್ತು ಪಾಲೆಂಬಾಂಗ್‌ಗಳಲ್ಲಿ ನಡೆದ ಕೂಟದಲ್ಲಿ ಇ-ಸ್ಪೋರ್ಟ್ಸ್ ಬರೀ ಪ್ರದರ್ಶನದ ಆಟವಾಗಿತ್ತು. ಗೆದ್ದರೂ ದೇಶದ ಪದಕದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಆಗಲೇ ಗುಜರಾತಿನ ಭುಜ್ ಊರಿನ ತೀರ್ಥ್ ಮೆಹ್ತಾ ಎಂಬ ಹುಡುಗ 'ಹಾರ್ತ್‌ಸ್ಟೋನ್' ಎಂಬ ಎಲೆಗಳ ಆಟದಲ್ಲಿ ಮೂರನೆಯವನಾಗಿ ಕಂಚು ತಂದ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಜೊತೆಜೊತೆಗೇ, ಪ್ರತ್ಯೇಕವಾಗಿ ನಡೆದ ಇ-ಸ್ಪೋರ್ಟ್ಸ್ ಸ್ಪರ್ಧೆಯಲ್ಲಿ ನಮ್ಮ 'ಡೋಟಾ 2' ತಂಡ ನ್ಯೂಜಿಲೆಂಡನ್ನು ಸೋಲಿಸಿ ಕಂಚು ಗಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಕ್ರೀಡೆಯೆಂದು ಒಪ್ಪಿ ಕ್ರೀಡಾ ಸಚಿವಾಲಯದ ಕೈಗೆ ಕೊಟ್ಟಿತು.

ಮಗ ಹೇಳಿದ್ದು ಇದರ ಮುಂದಿನ ಕೂಟದ ಸುದ್ದಿ. ಚೀನಾದ ಹಾಂಗ್‌ಝೌ ನಗರದಲ್ಲಿ 2022ರಲ್ಲಿ ಆಗಬೇಕಿದ್ದದ್ದು ಕೊರೋನಾದಿಂದ ಮುಂದಕ್ಕೆ ಹೋಗಿ 2023ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 8ರವರೆಗೆ ನಡೆಯಿತು. ಅಲ್ಲಿ ಮೊಟ್ಟಮೊದಲ ಬಾರಿಗೆ ಇ-ಸ್ಪೋರ್ಟ್ಸ್‌ಗೆ ನಿಜವಾದ ಪದಕ. ಏಳು ಆಟ, ಏಳು ಚಿನ್ನ. ಆಡುವುದಕ್ಕೆಂದೇ ಬೇರೆ ಕ್ರೀಡಾಂಗಣ ಕಟ್ಟಿದ್ದರು.

ನಮ್ಮ 'ಲೀಗ್ ಆಫ್ ಲೆಜೆಂಡ್ಸ್' ತಂಡಕ್ಕೆ ಅಕ್ಷಜ್ ಶೆಣೈ ನಾಯಕ. ಸಮರ್ಥ್ ತ್ರಿವೇದಿ, ಮಿಹಿರ್ ರಂಜನ್, ಆದಿತ್ಯ ಸೆಲ್ವರಾಜ್, ಆಕಾಶ್ ಶಾಂಡಿಲ್ಯ, ಸನಿಂಧ್ಯ ಮಲಿಕ್ ಉಳಿದವರು. ಕೂಟಕ್ಕೆ ಮೊದಲು ನಡೆದ ಶ್ರೇಯಾಂಕದ ಪಂದ್ಯಗಳಲ್ಲಿ ನಮ್ಮ ವಲಯಕ್ಕೇ ಮೊದಲಿಗರಾಗಿ ನೇರವಾಗಿ ಕ್ವಾರ್ಟರ್ ಫೈನಲಿಗೆ ಹೋಗಿದ್ದರು. ಇನ್ನೆರಡು ಪಂದ್ಯ ಗೆದ್ದರೆ ಪದಕ ಖಾತ್ರಿ.

ಆ ಹೊತ್ತಿಗೆ ನಾನೂ ಹುಚ್ಚಿಯಾಗಿದ್ದೆ ಅನ್ನಿ! ವಿಯೆಟ್ನಾಂ ಮೇಲಿನ ಪಂದ್ಯದ ದಿನ ಒಲೆ ಮೇಲೆ ಸಾರು ಇಟ್ಟು ಐದು ನಿಮಿಷಕ್ಕೊಮ್ಮೆ "ಏನಾಯ್ತೋ?" ಅಂತ ಕೇಳುತ್ತಿದ್ದೆ. 2-0 ಅಂತರದಲ್ಲಿ ನಮ್ಮವರು ಸೋತರು. ಡೋಟಾ ತಂಡವೂ ಗುಂಪಿನ ಹಂತ ದಾಟಲಿಲ್ಲ. ಫುಟ್‌ಬಾಲ್ ಆಟಕ್ಕೆ ಹೋಗಿದ್ದ ಚರಣ್‌ಜೋತ್ ಸಿಂಗ್ ಮತ್ತು ಕರ್ಮನ್ ಸಿಂಗ್ ಟಿಕ್ಕಾ, 'ಸ್ಟ್ರೀಟ್ ಫೈಟರ್' ಆಟಕ್ಕೆ ಹೋಗಿದ್ದ ಮಯಾಂಕ್ ಪ್ರಜಾಪತಿ ಮತ್ತು ಆಯನ್ ಬಿಸ್ವಾಸ್, ಎಲ್ಲರೂ ಬರಿಗೈಯಲ್ಲಿ ಬಂದರು. ಆ ಕೂಟದಲ್ಲಿ ಭಾರತಕ್ಕೆ ಬಂದ 107 ಪದಕಗಳಲ್ಲಿ ಇವರದ್ದು ಒಂದೂ ಇಲ್ಲ. 'ಲೀಗ್' ಆಟದ ಚಿನ್ನ ದಕ್ಷಿಣ ಕೊರಿಯಾಕ್ಕೆ ಹೋಯಿತು. ಅಲ್ಲಿ ಗಂಡುಮಕ್ಕಳಿಗೆಲ್ಲ ಸೈನ್ಯ ಸೇವೆ ಕಡ್ಡಾಯ, ಏಷ್ಯನ್ ಕೂಟದಲ್ಲಿ ಚಿನ್ನ ತಂದವರಿಗೆ ವಿನಾಯಿತಿ. ಅದು ಈ ಹುಡುಗರಿಗೂ ಸಿಕ್ಕಿತು. ಫೋನು ಹಿಡಿದ ಮಗನನ್ನು ನಾವು ಬಯ್ಯುತ್ತಿದ್ದರೆ ಅಲ್ಲಿ ಸರ್ಕಾರವೇ ತಲೆಬಾಗುತ್ತದೆ!

ಆ ರಾತ್ರಿ ಮಗ ಗೋಡೆಗೆ ಮುಖ ಮಾಡಿ ಮಲಗಿದ್ದ. ಕ್ರಿಕೆಟ್ಟಿನಲ್ಲಿ ಭಾರತ ಸೋತರೆ ನಮ್ಮವರು ಮಲಗುತ್ತಾರಲ್ಲ, ಥೇಟ್ ಹಾಗೇ. ಆಗ ನನಗೆ ಅನ್ನಿಸಿತು: ನನ್ನ ತಮ್ಮ ಸೋತಾಗ ತನ್ನ ದುಡ್ಡಿಗಾಗಿ ಅತ್ತ. ಇವನು ಮುಖ ಕಾಣದ ಐದು ಜನ ಹುಡುಗರಿಗಾಗಿ ಅಳುತ್ತಿದ್ದಾನೆ. ಎರಡೂ ಒಂದೇ ಹೇಗಾದೀತು?

ಮೊದಲು ಬೈಗುಳ, ಆಮೇಲೆ ಹಾರ

"ಕೂತಲ್ಲೇ ಕೂತು ಬೆರಳಾಡಿಸೋದು ಕ್ರೀಡೆಯೇನ್ರೀ?" ಅಂತ ಪಕ್ಕದ ಮನೆಯಾಕೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕಬಡ್ಡಿಯನ್ನೇ ನೋಡಿ. ಮಣ್ಣಲ್ಲಿ ಬಿದ್ದು ಅಂಗಿ ಹರಿದುಕೊಂಡು ಬಂದರೆ ನಮ್ಮ ಅಜ್ಜಿಯರು ಬಾಸುಂಡೆ ಬರುವ ಹಾಗೆ ಬಾರಿಸುತ್ತಿದ್ದರು. ಅದೇ ಕಬಡ್ಡಿ 1982ರ ದೆಹಲಿ ಏಷ್ಯಾಡಿನಲ್ಲಿ ಪ್ರದರ್ಶನದ ಆಟವಾಯಿತು. 1990ರಲ್ಲಿ ಬೀಜಿಂಗಿನಲ್ಲಿ ಪದಕದ ಆಟವಾಗಿ ನಮಗೆ ಚಿನ್ನ ತಂದಿತು.

ಇಸ್ಪೀಟಿನ ಕಥೆ ಇನ್ನೂ ಸೊಗಸು. 2018ರ ಜಕಾರ್ತ ಕೂಟದಲ್ಲಿ ಇಸ್ಪೀಟೆಲೆಯ ಬ್ರಿಡ್ಜ್ ಆಟದಲ್ಲಿ ಭಾರತಕ್ಕೆ ಚಿನ್ನ ತಂದವರು ಪ್ರಣಬ್ ಬರ್ಧನ್ ಮತ್ತು ಶಿವನಾಥ್ ಸರ್ಕಾರ್. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56! ಅದೇ ಎಲೆ ನನ್ನ ತಮ್ಮನ ಮನೆ ಮುರಿಯಿತು, ಅದೇ ಎಲೆ ಇವರ ಕೊರಳಿಗೆ ಚಿನ್ನ ಹಾಕಿತು. ತಪ್ಪು ಎಲೆಯದ್ದಲ್ಲ, ಪಣದ್ದು.

ವಯಸ್ಸಿನ ಮಾತು ಬಂತಲ್ಲ, ಇದನ್ನೂ ಕೇಳಿ. ಹಾಂಗ್‌ಝೌನಲ್ಲಿ 'ಸ್ಟ್ರೀಟ್ ಫೈಟರ್' ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ಅದೇ ಕೂಟದಲ್ಲಿ ಟೆನಿಸ್ ಮಿಶ್ರ ಡಬಲ್ಸ್ ಚಿನ್ನ ತಂದ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರಿಗೆ 43. ನಲವತ್ತಾದ ಮೇಲೆ ಮಂಡಿನೋವು ಅಂತ ಕೂರುವ ನನ್ನಂಥವರಿಗೆ ಇದೊಂದು ಪಾಠವೇ ಸರಿ!

ಒಂದು ಕೊರಗು ಮಾತ್ರ ಉಳಿಯಿತು. ಮಗ ಓದಿ ಹೇಳಿದ ನಮ್ಮ ಆಟಗಾರರ ಹೆಸರುಗಳಲ್ಲಿ ಒಂದೂ ಹೆಣ್ಣು ಹೆಸರಿರಲಿಲ್ಲ. ಬೆರಳಿಗೂ ಬುದ್ಧಿಗೂ ಹೆಣ್ಣು ಗಂಡು ಅಂತ ಉಂಟೇ? ಆದರೆ ನಮ್ಮ ಬೀದಿಯಲ್ಲೇ ನೋಡಿ. ಸಂಜೆಯಾದರೆ ಫೋನು ಗಂಡುಮಗನ ಕೈಗೆ, ಪೊರಕೆ ಹೆಣ್ಣುಮಗಳ ಕೈಗೆ. ಅಭ್ಯಾಸವಿಲ್ಲದೆ ತಂಡಕ್ಕೆ ಸೇರುವುದು ಎಲ್ಲಿಂದ ಬಂತು?

ಪಣ ಬೇರೆ, ಪಂದ್ಯ ಬೇರೆ

ಸಹೋದರಿಯರೇ, ನಾವು ಗೃಹಿಣಿಯರು ತಪ್ಪದೆ ತಿಳಿಯಬೇಕಾದ ವಿಷಯ ಇದು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಒಂದು ಕಾನೂನು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆಟ, ಅದು ಅದೃಷ್ಟದ್ದಾಗಿರಲಿ ಜಾಣ್ಮೆಯದ್ದಾಗಿರಲಿ, ನಿಷೇಧ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಅದರ ಜಾಹೀರಾತು ಕೊಡುವವರಿಗೂ ಶಿಕ್ಷೆ ಉಂಟು. ಅದೇ ಕಾನೂನು ಇ-ಸ್ಪೋರ್ಟ್ಸನ್ನು ಬೇರೆಯಾಗಿ ತೆಗೆದು ಕ್ರೀಡೆಯೆಂದು ಒಪ್ಪಿದೆ. ಅಲ್ಲಿ ಸ್ಪರ್ಧೆಗೆ ಸೇರಲು ಪ್ರವೇಶ ಶುಲ್ಕ ಇರಬಹುದು, ಗೆದ್ದವರಿಗೆ ಬಹುಮಾನವೂ ಇರಬಹುದು. ಬಾಜಿ ಕಟ್ಟುವ ಹಾಗಿಲ್ಲ.

ಗಣೇಶನ ಹಬ್ಬದ ರಂಗೋಲಿ ಸ್ಪರ್ಧೆಗೆ ಇಪ್ಪತ್ತು ರೂಪಾಯಿ ಕಟ್ಟಿ ಹೆಸರು ಕೊಡುತ್ತೇವಲ್ಲ, ಅದು ಪ್ರವೇಶ ಶುಲ್ಕ. "ಯಾವ ರಂಗೋಲಿ ಗೆಲ್ಲುತ್ತೆ, ನೂರಕ್ಕೆ ಇನ್ನೂರು" ಅಂತ ಪಕ್ಕದಲ್ಲಿ ನಿಂತವರು ಕಟ್ಟಿದರೆ ಅದು ಬಾಜಿ. ಇಷ್ಟೇ ವ್ಯತ್ಯಾಸ. ಇದು ಮೊದಲೇ ತಿಳಿದಿದ್ದರೆ ಮಗನ ಬೆನ್ನ ಮೇಲೆ ಕೈ ಮಾಡುತ್ತಿರಲಿಲ್ಲವೇನೋ.

ಹಾಗಂತ ಕೈ ಬಿಟ್ಟು ಕೂರಬೇಡಿ

ಜೂಜಲ್ಲ ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲ್ಲ. ಅಮೃತವಾದರೂ ಅಳತೆಯಲ್ಲಿರಬೇಕು. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಗೀಳಿಗೆ ಮೂರು ಗುರುತು: ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ ಓದು ಗೆಳೆಯರಿಗಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದೆ ಎಂದು ಕಂಡರೂ ಬಿಡದಿರುವುದು. ಸಾಮಾನ್ಯವಾಗಿ ಒಂದು ವರ್ಷ ಕಾಲ ಹೀಗೇ ನಡೆದರೆ ಅದನ್ನು ರೋಗ ಎನ್ನುತ್ತಾರೆ. ಎರಡು ದಿನ ಹೆಚ್ಚು ಆಡಿದ ಹುಡುಗನಿಗೆ ರೋಗಿ ಅಂತ ಹಣೆಪಟ್ಟಿ ಹಚ್ಚಬೇಡಿ. ಆದರೆ ಮೂರು ಗುರುತೂ ಕಂಡರೆ ಹರಕೆ, ತಾಯಿತ ಅಂತ ಕಾಲ ಕಳೆಯಲೂ ಬೇಡಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾ ಕೇಂದ್ರ ತೆರೆದಿದ್ದಾರೆ. ದೂರದ ಊರಿನವರು ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ನಮ್ಮ ಮನೆಯಲ್ಲಿ ಮಗನೂ ನಾನೂ ಕೂತು ಮಾಡಿಕೊಂಡ ಕರಾರು ಇದು. ನಿಮಗೆ ಒಗ್ಗಿದರೆ ಅನುಸರಿಸಿ.

1. ರಾತ್ರಿ ಹತ್ತಾದ ಮೇಲೆ ಫೋನು ಅಡಿಗೆಮನೆ ಶೆಲ್ಫಿನ ಮೇಲೆ. ಅವನದ್ದೂ, ನನ್ನದೂ, ಅವರಪ್ಪನದ್ದೂ! ದೊಡ್ಡವರು ರೀಲ್ಸ್ ನೋಡುತ್ತಾ ಚಿಕ್ಕವರಿಗೆ ಬುದ್ಧಿ ಹೇಳಿದರೆ ಯಾರು ಕೇಳುತ್ತಾರೆ?

2. ಓದುವ ದಿನ ಒಂದು ಗಂಟೆ ಆಟ, ಭಾನುವಾರ ಎರಡೂವರೆ ಗಂಟೆ. ಪಂದ್ಯದ ಮಧ್ಯೆ ಕರೆಯುವುದಿಲ್ಲ ಎಂದು ನಾನೂ ಮಾತು ಕೊಟ್ಟೆ. ಉಕ್ಕುತ್ತಿರುವ ಹಾಲು ಬಿಟ್ಟು ಬಾ ಅಂದರೆ ನಾವು ಬರುತ್ತೇವೆಯೇ?

3. ಆಟಕ್ಕೆ ಬ್ಯಾಂಕ್ ಖಾತೆ ಜೋಡಿಸಿರಬಾರದು. ಬಣ್ಣದ ಅಂಗಿ, ಹೊಸ ಕತ್ತಿ ಅಂತ ಆಟದೊಳಗೇ ಮಾರುತ್ತಾರೆ, ಅದೂ ದುಡ್ಡೇ. ಫೋನಿನ ಗುಟ್ಟಿನ ಅಂಕಿ ನನ್ನ ತಲೆಯಲ್ಲಿ ಮಾತ್ರ.

4. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡುವುದು, ಕಣ್ಣಿಗೆ ಒಳ್ಳೆಯದು. ಎದ್ದು ಓಡಾಡಿ ಕೈ ಕೊಡವುವುದು.

5. ಆಟದ ಜೊತೆ ಕುರುಕಲು ಪೊಟ್ಟಣ ಬೇಡ. ಹುರಿಗಡಲೆ, ಹೆಸರುಬೇಳೆ ಕೋಸಂಬರಿ, ಮಜ್ಜಿಗೆ ಸಾಕು. ಜಿಡ್ಡು ಕೈಗೆ ಫೋನೂ ಜಾರುವುದಿಲ್ಲ!

ಕರಾರು ಮೊದಲ ವಾರವೇ ಮುರಿಯಿತು, ನಿಜ ಹೇಳುತ್ತೇನೆ. ಎರಡನೇ ವಾರವೂ ಮುರಿಯಿತು. ಆದರೆ ಈಗ ಜಗಳವಾಡುವುದಕ್ಕೆ ಒಂದು ಕಾಗದ ಇತ್ತು, "ನೀನೇ ಸಹಿ ಹಾಕಿದ್ದೀಯಲ್ಲೋ" ಅನ್ನಬಹುದಿತ್ತು. ಮೂರು ತಿಂಗಳಲ್ಲಿ ರೂಢಿಯಾಯಿತು. ಮೊದಲ ಪಿ.ಯು.ಸಿ. ದಾಟಿದ. 2025ರಲ್ಲಿ ಎರಡನೇ ಪಿ.ಯು.ಸಿ. ದ್ವಿತೀಯ ದರ್ಜೆಯಲ್ಲಿ ಪಾಸಾಗಿ ಬಿ.ಕಾಂ. ಸೇರಿದ. ವರ್ಕ್‌ಶಾಪಿನ ಮಾತನ್ನು ನಮ್ಮವರು ಮತ್ತೆ ಎತ್ತಲಿಲ್ಲ.

ಕಾಲೇಜು ಸೇರಿದ ವರ್ಷ ಗೆಳೆಯರು ನಾಲ್ವರ ಜೊತೆ ಒಂದು ಸ್ಪರ್ಧೆಗೂ ಹೋದ. ನನ್ನನ್ನೂ ಕರೆದ. ಸೀರೆ ಉಟ್ಟುಕೊಂಡು ಆ ಹುಡುಗರ ಸಂತೆಯಲ್ಲಿ ಒಬ್ಬಳೇ ಅಮ್ಮ ಕೂತಿದ್ದೆ. ಮೊದಲ ಸುತ್ತಿನಲ್ಲೇ ಸೋತರು. ಎದ್ದು ಎದುರಾಳಿಗಳ ಕೈ ಕುಲುಕಿ ಬಂದ. ಬಸ್ಸಿನಲ್ಲಿ ಬರುವಾಗ, "ನಾನು ದೇಶದ ತಂಡಕ್ಕೆಲ್ಲ ಹೋಗಲ್ಲಮ್ಮ, ಅಷ್ಟು ಚೆನ್ನಾಗಿ ಆಡಲ್ಲ" ಅಂದ. "ಹೋಗಲಿ ಬಿಡು, ಸೋತರೂ ನನಗೆ ಹೇಳ್ತೀಯಲ್ಲ" ಅಂದೆ. ನನ್ನ ತಮ್ಮ ಸೋತದ್ದನ್ನು ಯಾರಿಗೂ ಹೇಳಿರಲಿಲ್ಲ. ಅದರಿಂದಲೇ ಅಷ್ಟು ದೊಡ್ಡದಾಯಿತು. ನಾದಿನಿಯ ಸರ ಇನ್ನೂ ಬಿಡಿಸಿಲ್ಲ. ಅವನು ತಿಂಗಳು ತಿಂಗಳು ಸಾಲ ತೀರಿಸುತ್ತಿದ್ದಾನೆ.

ಮುಂದಿನ ಏಷ್ಯನ್ ಕೂಟ ಜಪಾನಿನ ಐಚಿ-ನಗೋಯಾದಲ್ಲಿ, 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಎಂದು ಗೊತ್ತು ಮಾಡಿದ್ದಾರೆ. ಅಲ್ಲಿಯೂ ಇ-ಸ್ಪೋರ್ಟ್ಸ್‌ಗೆ ಪದಕ ಉಂಟು. ನಿಮ್ಮ ಮನೆಯಲ್ಲೂ ಕಂಬಳಿಯೊಳಗೆ ನೀಲಿ ಬೆಳಕು ಕಂಡರೆ ಕಿತ್ತುಕೊಳ್ಳಿ, ಬೇಡ ಅನ್ನುವುದಿಲ್ಲ. ರಾತ್ರಿ ಇರುವುದು ನಿದ್ದೆಗೆ. ಆದರೆ ಮಾರನೆಯ ದಿನ ಒಂದು ಲೋಟ ಕಾಫಿ ಕೊಟ್ಟು, "ಇದರಲ್ಲಿ ದುಡ್ಡು ಕಟ್ಟುವುದುಂಟೇನೋ? ಯಾರ ಜೊತೆ ಆಡ್ತೀಯ? ನನಗೂ ತೋರಿಸು" ಅಂತ ಪಕ್ಕದಲ್ಲಿ ಕೂತು ಕೇಳಿ. ಉತ್ತರ ಕೊಡಲು ತಡವರಿಸಿದರೆ ಎಚ್ಚರವಾಗಿ. ಕಣ್ಣರಳಿಸಿ ಹೇಳತೊಡಗಿದರೆ ಸ್ವಲ್ಪ ಹೊತ್ತು ಕೇಳಿ. ಒಲೆ ಮೇಲಿನ ಸಾರು ಕಾಯುತ್ತದೆ.